ಎರೆನೆಲಕ್ಕೆ ಬಂದ ಹಣ, ಎರೆನೆಲ ಬಿಟ್ಟ ಕೈಗಳು

ಬಡ ನಾಡುಗಳ ಆರ್ಥಿಕತೆಯನ್ನು ಕುರಿತು ಕಳೆದ ಅರ್ಧ ಶತಮಾನದಲ್ಲಿ ನಡೆದ ಚರ್ಚೆಗಳಲ್ಲಿ ಮೂರು ಸಂಗತಿಗಳು ಒಂದರ ಬೆನ್ನಿಗೆ ಒಂದು ಬರುತ್ತವೆ: ವಿದ್ಯೆಯನ್ನೋ ಕಸುಬನ್ನೋ ಚೆನ್ನಾಗಿ ಕಲಿತವರು ಹುಟ್ಟಿದ ನೆಲ ಬಿಟ್ಟು ಹೋಗುವುದು, ಅಂದರೆ ಪ್ರತಿಭಾ ಪಲಾಯನ, ಹಾಗೆ ಹೋದವರು ದುಡಿದು ಮನೆಗೆ ಕಳಿಸುವ ರವಾನೆ ಹಣ, ಮತ್ತು ಹೊರದೇಶದ ಸರ್ಕಾರ, ಬ್ಯಾಂಕು, ಧರ್ಮಸಂಸ್ಥೆಗಳು ಕೊಡುವ ವಿದೇಶಿ ನೆರವು. ಈ ಮೂರನ್ನೂ ದೇಶದ ಮಟ್ಟದಲ್ಲಿ, ಡಾಲರಿನ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ಹೊರದೇಶಗಳಲ್ಲಿರುವ ಭಾರತೀಯರು 2022ರಲ್ಲಿ ತಾಯ್ನಾಡಿಗೆ ಕಳಿಸಿದ ಹಣ 10,000 ಕೋಟಿ ಡಾಲರನ್ನು ದಾಟಿತು ಎಂಬಂತಹ ಅಂಕಿಗಳು ಪತ್ರಿಕೆಗಳಲ್ಲಿ ಎದ್ದು ಕಾಣುತ್ತವೆಯಾದರೂ, ಆ ಹಣ ಯಾವ ಊರಿನ ಯಾವ ಮನೆಗೆ ಬಂತು, ಬಂದದ್ದು ಅಲ್ಲಿ ಎಷ್ಟು ಕಾಲ ಉಳಿಯಿತು, ಉಳಿದು ಏನಾಯಿತು ಎಂಬ ಪ್ರಶ್ನೆಗಳಿಗೆ ಅಂತಹ ಮೊತ್ತಗಳಲ್ಲಿ ಉತ್ತರ ಸಿಗುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ ಈ ಪ್ರಶ್ನೆಗಳನ್ನು ಕೇಳುವುದಕ್ಕೆ ತಕ್ಕ ಜಾಗ. ಏಕೆಂದರೆ ಹೊರಗಿನ ಹಣ, ಹೊರಗಿನ ಬೀಜ, ಹೊರಗಿನ ಯಂತ್ರ, ಹೊರಗಿನ ಧರ್ಮ ಇವೆಲ್ಲ ಇಲ್ಲಿಗೆ ಸುಮಾರು 180 ವರ್ಷಗಳ ಹಿಂದೆಯೇ ಬಂದವು, ಮತ್ತು ಇಲ್ಲಿನ ದುಡಿಯುವ ಕೈಗಳೂ ಹಾಡುವ ಕೊರಳುಗಳೂ ಅಷ್ಟೇ ದೀರ್ಘಕಾಲದಿಂದ ಹೊರಗೆ ಹೋಗುತ್ತಿವೆ. ಈ ಎರಡು ಹರಿವುಗಳ ಚರಿತ್ರೆಯನ್ನು ಒಟ್ಟಿಗಿಟ್ಟು ಓದಿದರೆ, ಬಂದ ಹಣದ ಗಾತ್ರಕ್ಕಿಂತ ಅದನ್ನು ತಡೆದು ನೆಲಕ್ಕಿಳಿಸುವ ಒಡ್ಡು ಊರೊಳಗೆ ಇತ್ತೇ ಇಲ್ಲವೇ ಎಂಬುದರ ಮೇಲೆಯೇ ಹೆಚ್ಚಿನದೆಲ್ಲ ನಿಂತಿತ್ತೆಂದು ತೋರುತ್ತದೆ.

ಈಗ ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು 19ನೇ ಶತಮಾನದಲ್ಲಿ ಮೂವರು ಒಡೆಯರ ಕೈಯಲ್ಲಿದ್ದವು. ಗದಗ, ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನದ ತಾಲೂಕಾಗಿಯೂ ಲಕ್ಷ್ಮೇಶ್ವರವು ಹಿರಿಯ ಮಿರಜ ಸಂಸ್ಥಾನದ ಭಾಗವಾಗಿಯೂ ಇದ್ದವು. ಪಂಪನ ಕಾಲದಲ್ಲಿ ತಿರುಳ್ಗನ್ನಡದ ಸೀಮೆಯೊಳಗೆ ಎಣಿಕೆಯಾಗಿದ್ದ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ತನ್ನ ಕಂದಾಯವನ್ನು ಕೃಷ್ಣಾ ತೀರದ ಮರಾಠಿ ದರಬಾರಿಗೆ ಕಟ್ಟುತ್ತಿತ್ತು. ಹೊಲದಲ್ಲಿ ಹುಟ್ಟಿದ ಹಣದ ಒಂದು ಪಾಲು ನೂರು ಮೈಲಿಗೂ ಆಚೆಗೆ ಹೋಗಿ, ಅಲ್ಲಿನ ವಾಡೆ, ಶಾಲೆ, ರಸ್ತೆಗಳಿಗೆ ಸಲ್ಲುತ್ತಿತ್ತು. 1948ರ ಮಾರ್ಚಿನಲ್ಲಿ ಸಾಂಗ್ಲಿ, ಮಿರಜ ಮುಂತಾದ ಪಟವರ್ಧನ ಮನೆತನದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಈ ವ್ಯವಸ್ಥೆ ನಡೆಯಿತು. ಓದುವ ಹುಡುಗರ ದಾರಿಯೂ ಅದೇ ಆಗಿತ್ತು. 1919ರಲ್ಲಿ ಸಾಂಗ್ಲಿಯಲ್ಲಿ ಆರಂಭವಾದ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರಂತಹ ಕನ್ನಡ ವಿದ್ವಾಂಸರು ಪಾಠ ಹೇಳಿದರು. ಕನ್ನಡ ಪಾಂಡಿತ್ಯಕ್ಕೆ ಕೂಡ ಸಂಬಳ ಸಿಗಬೇಕಾದರೆ ಎಷ್ಟೋ ಸಲ ಕನ್ನಡ ಸೀಮೆಯ ಅಂಚನ್ನು ದಾಟಬೇಕಾಗಿದ್ದ ಕಾಲವದು.

ಹೊರಗಿನಿಂದ ಬಂದ ಮೊದಲ ದೊಡ್ಡ ‘ನೆರವು’ ಹತ್ತಿಯದು. ಲ್ಯಾಂಕಶೈರಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದ್ದುದು ಬ್ರಿಟನ್ನಿಗೆ ಆತಂಕದ ಸಂಗತಿಯಾಗಿದ್ದರಿಂದ, ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಹತ್ತು ಮಂದಿ ತೋಟಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆತಂದಿತು. ಆಗಿನ ಲೋಕದಲ್ಲಿ ಹತ್ತಿಯ ಬೇಸಾಯವನ್ನು ಬಲ್ಲ ಅತಿ ನುರಿತ ಪರಿಣತರೆಂದರೆ ಅವರೇ, ಆದರೆ ಆ ಪರಿಣತಿ ಗುಲಾಮರ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನು ಕಂಪನಿಯ ಕಾಗದಪತ್ರಗಳು ಹೆಚ್ಚು ಹೇಳುವುದಿಲ್ಲ. ಅವರು ಕಾಲಿಟ್ಟ ಕಡೆಗಳಲ್ಲೆಲ್ಲ ಪ್ರಯೋಗ ಸೋತಿತು. ಧಾರವಾಡದ ಎರೆನೆಲದಲ್ಲಿ ಮಾತ್ರ ನೆಲೆ ಕಂಡಿತು. ಕಲೆಕ್ಟರ್ ಶಾ ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಿಗೆ ಹಂಚಿದ, ತೋಟಗಾರ ಮರ್ಸರ್ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗಕ್ಷೇತ್ರ ನಡೆಸಿದ, ಮತ್ತು ಎರಡು ದಶಕಗಳೊಳಗೆ ಧಾರವಾಡ ಜಿಲ್ಲೆಯಲ್ಲಿ ಅಮೆರಿಕನ್ ಹತ್ತಿ ಒಂದು ಲಕ್ಷ ಎಕರೆಗೂ ಮೀರಿ ಹಬ್ಬಿತು. ಗದಗ, ಮುಂಡರಗಿಗಳ ಹೊಲಗಳು ಈ ಹಬ್ಬುವಿಕೆಯ ನಡುವಿನಲ್ಲಿದ್ದವು.

ಈ ಯಶಸ್ಸಿನ ಕಾರಣ ಬೀಜದಲ್ಲಿರಲಿಲ್ಲವೆಂಬುದೇ ಗಮನಿಸಬೇಕಾದ ಸಂಗತಿ. ನಾಟಿ ಹತ್ತಿಯ ಬೀಜವನ್ನು ಇಲ್ಲಿನ ಹೆಂಗಸರು ಮನೆಯಲ್ಲೇ ಬೇರೆ ಮಾಡುತ್ತಿದ್ದರು. ಒಂದು ಚಪ್ಪಟೆ ಕಲ್ಲು, ಅದರ ಮೇಲೆ ನಡುವೆ ದಪ್ಪಗಿದ್ದು ತುದಿಗೆ ಸಣ್ಣಗಾಗುವ ಕಬ್ಬಿಣದ ಸಲಾಕೆ, ಪಾದಗಳಿಗೆ ಕಟ್ಟಿಕೊಳ್ಳುವ ಎರಡು ಮರದ ಹಲಗೆ, ಕೂರಲು ಒಂದು ಗಿಡ್ಡ ಮಣೆ, ಇವಿಷ್ಟೇ ಸಲಕರಣೆ. ಹೆಂಗಸು ಮಣೆಯ ಮೇಲೆ ಕುಳಿತು ಸಲಾಕೆಯನ್ನು ಪಾದಗಳಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ, ಮುಂದೆ ಬಾಗಿ ಕೈಯಿಂದ ಹತ್ತಿಯನ್ನು ಅದರಡಿಗೆ ಕೊಡುತ್ತಿದ್ದರೆ ಅರಳೆ ಒಂದು ಕಡೆ ಎಳೆದುಬಂದು, ಬೀಜ ಇನ್ನೊಂದು ಕಡೆ ಚಿಮ್ಮುತ್ತಿತ್ತು. ಅಮೆರಿಕನ್ ಹತ್ತಿಯ ಬೀಜಕ್ಕೆ ಮೈತುಂಬ ನವಿರು ತುಪ್ಪಳ ಅಂಟಿಕೊಂಡಿರುವುದರಿಂದ ಈ ಕಾಲುಸಲಾಕೆಗೆ ಅದು ಬಗ್ಗಲಿಲ್ಲ. ಅದಕ್ಕೆ ಗರಗಸದ ಜಿನ್ನು ಬೇಕು, ಅಂದರೆ ಹಲ್ಲುಗಳುಳ್ಳ ಉಕ್ಕಿನ ಬಿಲ್ಲೆಗಳು ಸುತ್ತುತ್ತ ಅರಳೆಯನ್ನು ಕಿತ್ತೆಳೆಯುವ ಯಂತ್ರ. ಯಂತ್ರ ಬಂದ ಮೇಲೆ ಹಲ್ಲು ಮುರಿದರೆ ಸರಿಪಡಿಸುವ ಕಮ್ಮಾರ ಬೇಕು, ಬಿಡಿಭಾಗ ಬೇಕು. ಬೇರೆ ಜಿಲ್ಲೆಗಳಲ್ಲಿ ಬೀಜ ಕೊಟ್ಟು ಕೈತೊಳೆದುಕೊಂಡ ಸರ್ಕಾರ ಧಾರವಾಡದಲ್ಲಿ ಜಿನ್ನುಗಳನ್ನು ತಯಾರಿಸಿ ರಿಪೇರಿ ಮಾಡುವ ಕಾರ್ಖಾನೆಯನ್ನೇ ನಡೆಸಿತು. ಅಲ್ಲಿ ಇಲ್ಲಿನ ಬಡಿಗರೂ ಕಮ್ಮಾರರೂ ಕೆಲಸ ಕಲಿತರು, ಮತ್ತು ಆ ಕಲಿಕೆ ಊರೂರಿಗೆ ಹರಡಿತು. ನೆರವಾಗಿ ಬಂದ ವಸ್ತುವಿಗಿಂತ ಅದನ್ನು ಕೆಟ್ಟಾಗ ಎತ್ತಿ ನಿಲ್ಲಿಸುವ ಕಸುಬು ಊರಿನಲ್ಲಿ ನೆಲೆಸಿದ್ದೇ ಧಾರವಾಡ ಸೀಮೆಗೂ ಉಳಿದವುಗಳಿಗೂ ಇದ್ದ ವ್ಯತ್ಯಾಸ. ಕಾಲುಸಲಾಕೆಯ ಹೆಂಗಸರ ಕೂಲಿ ಇದರಿಂದ ಎಷ್ಟು ಕರಗಿತೆಂಬುದನ್ನು ಯಾರೂ ಬರೆದಿಡಲಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಶೈರಿಗೆ ಹತ್ತಿ ನಿಂತುಹೋದಾಗ ಈ ಎರೆಹೊಲಗಳಿಗೆ ಬೆಳ್ಳಿ ಹರಿದುಬಂತು. ಗದಗ ಸೀಮೆಯ ಅರಳೆ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಧಾರವಾಡದ ನಾಟಿ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ಬಿದ್ದಿತ್ತು. ಬೆಲೆ ಏರಿದಂತೆ ಉದ್ದ ಎಳೆಯ ಅಮೆರಿಕನ್ ಅರಳೆಗೆ ಗಿಡ್ಡ ಎಳೆಯ ನಾಟಿ ಅರಳೆಯನ್ನು ಬೆರೆಸಿ ಮಾರುವ ಚಾಳಿಯೂ ಏರಿತು, ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆಯ ವಿರುದ್ಧ ಕಾನೂನನ್ನೇ ತರಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬಯಿಯ ಬ್ಯಾಂಕುಗಳೇ ಮುಳುಗಿದವು. ನಾಲ್ಕೈದು ವರ್ಷ ರೈತರ ಕೈಗೆ ಬಂದ ಹಣ ಒಡವೆಯಾಗಿ, ಮದುವೆಯಾಗಿ, ಎತ್ತು ಬಂಡಿಯಾಗಿ ಹೋಯಿತು. ಅದನ್ನು ಠೇವಣಿಯಾಗಿಟ್ಟು ಮತ್ತೆ ಊರಿನವರಿಗೇ ಸಾಲ ಕೊಡುವ ವ್ಯವಸ್ಥೆ ಹಳ್ಳಿಗಳಲ್ಲಿರಲಿಲ್ಲ, ಸಾಹುಕಾರನೊಬ್ಬನೇ ಇದ್ದ. 1876-78ರ ಬರ ಬಂದಾಗ ಆ ಬೆಳ್ಳಿಯ ಗುರುತು ಹೆಚ್ಚಿನ ಮನೆಗಳಲ್ಲಿ ಉಳಿದಿರಲಿಲ್ಲವೆಂದು ಊಹಿಸಲು ಅಡ್ಡಿಯಿಲ್ಲ. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಹತ್ತನೇ ಒಂದು ಪಾಲು ಕುಗ್ಗಿತು. ಹೊರಗಿನ ಬೇಡಿಕೆಯಿಂದ ಥಟ್ಟನೆ ಬರುವ ಹಣ ಬೇಸಾಯದ ಬುಡವನ್ನು ಬಲಪಡಿಸದೆ ಬೆಲೆಗಳನ್ನೂ ಖರ್ಚನ್ನೂ ಉಬ್ಬಿಸಿ ಹೋಗುವ ಈ ವಿದ್ಯಮಾನಕ್ಕೆ ಮುಂದೆ ಎಣ್ಣೆ ದೇಶಗಳ ಚರಿತ್ರೆಯಲ್ಲಿ ಹೇರಳ ಉದಾಹರಣೆಗಳು ಸಿಕ್ಕವು.

ಬರದ ಪಾಠವಾಗಿ ಬಂದದ್ದು ರೈಲು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಬ್ರಿಟಿಷ್ ಬಂಡವಾಳದ ಹಣದಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಮೀಟರ್‌ಗೇಜ್ ಹಳಿ ಹಾಕಿ 1884ರಲ್ಲಿ ಸಂಚಾರ ಆರಂಭಿಸಿತು. 1888ರ ಹೊತ್ತಿಗೆ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಪೋರ್ಚುಗೀಸ್ ಗೋವೆಯ ಮುರಗಾಂವ ಬಂದರಿನವರೆಗೂ ಸಂಪರ್ಕವಾಯಿತು. ಕುಮಟಾದ ಬಂಡಿದಾರಿ ಬರಿದಾಯಿತು, ಗದಗ ಜಂಕ್ಷನ್ ಆಯಿತು. ಅರಳೆ ಬಿಡಿಸುವ, ಅಂಡಿಗೆ ಒತ್ತುವ ಗಿರಣಿಗಳೂ ಒಂದು ನೂಲಿನ ಗಿರಣಿಯೂ ಎದ್ದವು, ಮತ್ತು 1901ರ ಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 30,652ಕ್ಕೆ ಮುಟ್ಟಿತು. ಹಳಿ ತಾಗದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ತಮ್ಮ ಹತ್ತಿ, ಶೇಂಗಾ, ಮೆಣಸಿನಕಾಯಿಗಳನ್ನು ಗದಗಿಗೋ ಯಲವಿಗಿ ನಿಲ್ದಾಣಕ್ಕೋ ಹೊತ್ತೊಯ್ಯುವ ಹಿನ್ನಾಡಾದವು. ಗದಗ-ಯಲವಿಗಿ ಮಾರ್ಗದ ಬೇಡಿಕೆ ದಶಕಗಳ ಕಾಲ ಮನವಿಪತ್ರಗಳಲ್ಲಿ ಓಡಾಡಿದೆ. ಕಪ್ಪತಗುಡ್ಡದ ಅಂಚಿನಲ್ಲಿ 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಬಂಡವಾಳದ ಚಿನ್ನದ ಕಂಪನಿಗಳು ಗಣಿ ತೋಡಿ, ಲಾಭ ಕಾಣದೆ ಬೇಗನೆ ಬಿಟ್ಟು ಹೋದದ್ದನ್ನು ಇಲ್ಲಿ ಒಂದು ಮಾತಿನಲ್ಲಿ ಮುಗಿಸಬಹುದು. ಅವು ಗುಂಡಿಗಳನ್ನಲ್ಲದೆ ಬೇರೇನನ್ನೂ ಉಳಿಸಲಿಲ್ಲ.

ಇಂದಿನ ಅರ್ಥದ ವಿದೇಶಿ ನೆರವಿಗೆ ಹೆಚ್ಚು ಹತ್ತಿರವಾದದ್ದು ಬಾಸೆಲ್ ಮಿಶನ್ನಿನ ಕೆಲಸ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿ 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ಹೂಡಿತು. ಅದರ ಹಣದ ಮೂಲ ಕುತೂಹಲಕರವಾದದ್ದು: ಶ್ರೀಮಂತ ವರ್ತಕರ ದೇಣಿಗೆಯ ಜೊತೆಗೆ, 1850ರ ದಶಕದ ನಡುವಿನಿಂದ ಸ್ವಿಸ್ ಮತ್ತು ಜರ್ಮನ್ ಹಳ್ಳಿಗಳ ಬಡ ಮನೆಗಳಿಂದ ವಾರವಾರವೂ ಅರ್ಧ ಕಾಸಿನಂತೆ ಎತ್ತುವ ‘ಹಾಲ್ಬ್‌ಬಾಟ್ಸೆನ್’ ವಂತಿಗೆ ಅದನ್ನು ಪೊರೆಯಿತು. ಆಗ ವ್ಯುರ್ಟೆಂಬರ್ಗ್ ಸೀಮೆಯಿಂದಲೇ ಬರಗಾಲ, ಬಡತನಗಳಿಗೆ ಅಂಜಿ ಸಾವಿರಾರು ಜನ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದರು. ಹಾಗೆ ನೋಡಿದರೆ ಒಂದು ಬಡ ಸೀಮೆ ಇನ್ನೊಂದು ಬಡ ಸೀಮೆಗೆ ಕಳಿಸಿದ ಕಾಸು ಅದು. ನೇಕಾರರ ಊರಾದ ಬೆಟಗೇರಿಯಲ್ಲಿ ಶಾಲೆಗಳು ತೆರೆದವು, ಬರದ ಕಾಲದಲ್ಲಿ ಅನಾಥ ಮಕ್ಕಳಿಗೆ ಆಸರೆ ದೊರೆಯಿತು, ಮತ್ತು 20ನೇ ಶತಮಾನದ ಆರಂಭದಲ್ಲಿ ನೆಲೆಗೊಂಡ ಮಿಶನ್ ಆಸ್ಪತ್ರೆಯನ್ನು ಸುತ್ತಲಿನ ಜನ ‘ಜರ್ಮನ್ ಆಸ್ಪತ್ರೆ’ ಎಂದೇ ಕರೆದರು.

ಅದೇ 1841ರಲ್ಲಿ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಕ್ರೈಸ್ತ ಒಕ್ಕಲುಗಳ ಹಳ್ಳಿಯೊಂದನ್ನು ಕಟ್ಟಿ, ಭೂಮಿ ಕೊಟ್ಟು ಬೇಸಾಯ ಮಾಡಿಸುವ ಯತ್ನವೂ ನಡೆಯಿತಾದರೂ ಅದು ನೆನೆದಂತೆ ಬೆಳೆಯಲಿಲ್ಲ. ಹೊಸ ಮತಕ್ಕೆ ಸೇರಿದವನು ಕುಲದ ಬಳಕೆಯನ್ನೂ ಬಾವಿಯ ನೀರನ್ನೂ ಸಾಹುಕಾರನ ಸಾಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದನಾಗಿ, ಅಷ್ಟನ್ನೂ ಮಿಶನ್ ಒಂದೇ ತುಂಬಿಕೊಡಬೇಕಾಗಿತ್ತು. ನೆರವು ಪಡೆದವನು ನೆರವಿಗೇ ಆತುಕೊಂಡು ನಿಲ್ಲುವ ಈ ಸ್ಥಿತಿಯನ್ನು ಇಂದಿನ ಅರ್ಥಶಾಸ್ತ್ರದಲ್ಲಿ ಅವಲಂಬನೆ ಎನ್ನುತ್ತಾರೆ. ಮಂಗಳೂರಿನಲ್ಲಿ ಇದೇ ಸಂಕಟಕ್ಕೆ ಹಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳು ಉತ್ತರವಾದವು, ಏಕೆಂದರೆ ಅಲ್ಲಿ ಜೇಡಿ, ಕಟ್ಟಿಗೆ, ಬಂದರು ಎಲ್ಲವೂ ಕೈಗೆಟುಕುವಂತಿದ್ದವು; ಬೆಟಗೇರಿಯಲ್ಲಿ ಅಂತಹ ಉದ್ದಿಮೆ ಬೇರೂರಲಿಲ್ಲ, ಇಲ್ಲಿನ ಸೀರೆಯ ನೇಯ್ಗೆ ಮೊದಲಿನಂತೆ ನೇಕಾರ ಮನೆತನಗಳ ಕೈಯಲ್ಲೇ ಉಳಿಯಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿ ಬಂಧನಕ್ಕೊಳಗಾದರು, ಮಿಶನ್ನಿನ ವ್ಯಾಪಾರದ ಆಸ್ತಿ ಸರ್ಕಾರದ ವಶವಾಯಿತು. ಕೊಡುವವನ ದೇಶದ ರಾಜಕಾರಣ ಕೆಟ್ಟರೆ ನೆರವು ರಾತ್ರೋರಾತ್ರಿ ನಿಲ್ಲಬಹುದೆಂಬುದು ಬೆಟಗೇರಿಗೆ ಶೀತಲ ಸಮರದ ದಶಕಗಳಿಗಿಂತ ಬಹಳ ಮೊದಲೇ ತಿಳಿಯಿತು. ಆಸ್ಪತ್ರೆ ಮಾತ್ರ ಉಳಿದು, ಮುಂದೆ ದಕ್ಷಿಣ ಭಾರತ ಸಭೆಯ ಕೈ ಸೇರಿತು. ಹಣ ಕೊಟ್ಟವರು ಹೋದ ಮೇಲೂ ಅದನ್ನು ನಡೆಸಬಲ್ಲ ದಾದಿಯರೂ ಸಭೆಯೂ ಇಲ್ಲೇ ಬೆಳೆದಿದ್ದರು.

ಗದಗ ಸೀಮೆಗೆ ಬಂದ ಅತಿ ಬೆಲೆಯುಳ್ಳ ವಿದೇಶಿ ವಸ್ತು ಹಣವಲ್ಲ, ಒಂದು ವಿಚಾರ. ರೈನ್ ನದಿಯ ಮೇಲ್ದಂಡೆಯ ಬಾಸೆಲ್ಲಿನಿಂದ ಪಾದ್ರಿಗಳು ಬಂದರೆ, ಅದೇ ನದಿಯ ಕೆಳಗಣ ಸೀಮೆಯಲ್ಲಿ ಊರ ಆಡಳಿತಗಾರನಾಗಿದ್ದ ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್ 19ನೇ ಶತಮಾನದ ಮಧ್ಯದಲ್ಲಿ ರೂಪಿಸಿದ ಹಳ್ಳಿಯ ಸಾಲಸಂಘದ ಮಾದರಿ ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನನ ವರದಿಯ ಮೂಲಕ ಭಾರತಕ್ಕೆ ಬಂತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಗೆ ಅದೇ ಬುನಾದಿ. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು, ತಮ್ಮ ಉಳಿತಾಯವನ್ನು ಕೂಡಿಸಿ ತಮ್ಮವರಿಗೇ ಕಡಿಮೆ ಬಡ್ಡಿಗೆ ಸಾಲ ಕೊಡುವುದು, ಮತ್ತು ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಇಡೀ ಆಸ್ತಿಯಿಂದ ಹೊಣೆ ಹೊರುವುದು, ಅಂದರೆ ಅಪರಿಮಿತ ಹೊಣೆಗಾರಿಕೆ, ಆ ಮಾದರಿಯ ತಿರುಳು. ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವನ್ನು ದೇಶದ ಮೊದಲ ಸಹಕಾರಿ ಕೃಷಿ ಪತ್ತಿನ ಸಂಘವೆಂದು ಗೌರವಿಸಲಾಗುತ್ತದೆ. ಹೊರಗಿನಿಂದ ಹಣಕ್ಕಿಂತ ಮುಖ್ಯವಾಗಿ ನಿಯಮಾವಳಿಯೊಂದು ಬಂದು ಊರೊಳಗಿನ ನಂಬಿಕೆಗೆ ಕಾನೂನಿನ ಮೈ ಕೊಟ್ಟ ಈ ಪ್ರಸಂಗ, ವಿದೇಶಿ ನೆರವಿನ ಚರಿತ್ರೆಗಳಲ್ಲಿ ಸೇರಬೇಕಾದಷ್ಟು ಸೇರಿಲ್ಲ. ಅರವತ್ತು ಎಪ್ಪತ್ತು ವರ್ಷಗಳ ಬಳಿಕ ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರ ಮುಂದಾಳತನದಲ್ಲಿ ರೈತರ ಸಹಕಾರಿ ನೂಲಿನ ಗಿರಣಿ ಎದ್ದಾಗ, ಹತ್ತಿಯನ್ನು ಅಂಡಿಗೆ ಕಟ್ಟಿ ಮುಂಬಯಿಗೆ ಕಳಿಸುವ ಬದಲು ಇಲ್ಲೇ ನೂಲಾಗಿಸುವ ಹಂಬಲಕ್ಕೆ ಕಣಗಿನಹಾಳದ ಪರಂಪರೆಯೇ ಬೆನ್ನಿಗಿತ್ತು.

ಹೊರಕ್ಕೆ ಹೋದವರ ಕಡೆಗೆ ತಿರುಗಿದರೆ, ಈ ಸೀಮೆಯ ಅತಿ ಪ್ರಸಿದ್ಧ ‘ಪರಿಣತ ವಲಸೆ’ ಸಂಗೀತಗಾರರದು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನಲ್ಲಿ ಬೆಳೆದದ್ದು, ಶಿರಹಟ್ಟಿ ವೆಂಕೋಬರಾಯರ ಮಂಡಳಿ ಶಿರಹಟ್ಟಿಯ ಹೆಸರನ್ನೇ ಹೊತ್ತು ತಿರುಗಿದ್ದು. ಊರಿಂದೂರಿಗೆ ಹೋಗಿ ಆಡಿ ಗಳಿಸುವುದೇ ಈ ಕಸುಬಿನ ರೀತಿಯಾಗಿತ್ತು. ಆದರೆ ಒಬ್ಬ ಹುಡುಗನ ಹೋಗುವಿಕೆ ಬೇರೆ ಬಗೆಯದು. 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಗ್ವಾಲಿಯರ್, ಜಲಂಧರಗಳವರೆಗೆ ಅಲೆದು, ಕೊನೆಗೆ ಗುರುವನ್ನು ಕಂಡದ್ದು ಗದಗಿನಿಂದ ಕೆಲವೇ ಹರದಾರಿ ದೂರದ ಕುಂದಗೋಳದ ಸವಾಯಿ ಗಂಧರ್ವರಲ್ಲಿ. ವಿದ್ಯೆ ಹತ್ತಿರದಲ್ಲೇ ಇತ್ತು. ವಿದ್ಯೆಗೆ ಬೆಲೆ ಕೊಡುವ ಪೇಟೆ ಇರಲಿಲ್ಲ. 1943ರಲ್ಲಿ ಮುಂಬಯಿಗೆ ಹೋದ ಅವರು ಪುಣೆಯಲ್ಲಿ ನೆಲೆಸಿ, 1953ರಲ್ಲಿ ಗುರುವಿನ ಹೆಸರಿನಲ್ಲಿ ಸಂಗೀತ ಮಹೋತ್ಸವವನ್ನು ಪುಣೆಯಲ್ಲಿ ಆರಂಭಿಸಿದರು. ಕಲಾವಿದನ ಹುಟ್ಟೂರಿಗೆ ಹೆಮ್ಮೆ ಬಂತು, ಕೇಳುಗರ ಟಿಕೆಟ್ಟಿನ ಹಣ, ತಬಲಾ ಹಾರ್ಮೋನಿಯಂ ಸಾಥಿದಾರರ ಸಂಭಾವನೆ, ಧ್ವನಿಮುದ್ರಣದ ವ್ಯವಹಾರ ಇವೆಲ್ಲ ಪುಣೆಗೆ ಸಂದವು. ಪ್ರತಿಭಾ ಪಲಾಯನದಿಂದ ಆಗುವ ನಷ್ಟವೆಂದರೆ ಹೋದ ವ್ಯಕ್ತಿಯೊಬ್ಬನ ಗಳಿಕೆಯಷ್ಟೇ ಅಲ್ಲ, ಅವನ ಸುತ್ತ ಹುಟ್ಟಬಹುದಾಗಿದ್ದ ಇತರರ ಗಳಿಕೆಯೂ ಹೌದು ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದನ್ನೇ. 1970ರ ದಶಕದಲ್ಲಿ ಜಗದೀಶ ಭಗವತಿಯವರು ವಲಸೆ ಹೋದ ಪರಿಣತರ ವರಮಾನದ ಮೇಲೆ ತೆರಿಗೆ ಹಾಕಿ ಅದನ್ನು ತಾಯ್ನಾಡುಗಳಿಗೆ ಹಿಂದಿರುಗಿಸಬೇಕೆಂದು ಸೂಚಿಸಿದ್ದರು. ಅದನ್ನು ಯಾವ ಸರ್ಕಾರವೂ ಜಾರಿಗೆ ತರಲಿಲ್ಲ.

ಅಂತಹ ತೆರಿಗೆಯನ್ನು ಒಂದು ಅರ್ಥದಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮ ಭಕ್ತಿಯ ರೂಪದಲ್ಲಿ ವಸೂಲು ಮಾಡಿತು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892-1944) ಮೊದಲು ಊರೂರು ಸಂಚರಿಸುತ್ತ ನಡೆಸಿದ ಪಾಠಶಾಲೆ ಗದಗಿನಲ್ಲಿ ನೆಲೆನಿಂತಾಗ, ಅಲ್ಲಿ ಕುರುಡರಿಗೂ ಬಡವರಿಗೂ ಜಾತಿ ಕೇಳದೆ ಊಟ, ವಸತಿ, ಸಂಗೀತ ಮೂರೂ ಉಚಿತವಾಗಿದ್ದವು. ಖರ್ಚಿಗೆ ಆಧಾರವೆಂದರೆ ಜೋಳಿಗೆ, ಆಶ್ರಮವೇ ಕಟ್ಟಿದ ನಾಟಕ ಕಂಪನಿ, ಮತ್ತು ಹೊರಗೆ ಹೋಗಿ ಹೆಸರು ಮಾಡಿದ ಶಿಷ್ಯರ ಮೂಲಕ ಬಂದ ಭಕ್ತರ ಕಾಣಿಕೆ. ಗವಾಯಿಗಳ ಬಳಿಕ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳಿಗೆ (1914-2010) ಉತ್ತರ ಕರ್ನಾಟಕದ ನೂರಾರು ಊರುಗಳಲ್ಲಿ ತುಲಾಭಾರ ಮಾಡಿದರು. ತ್ರಾಸಿನ ಒಂದು ತಟ್ಟೆಯಲ್ಲಿ ಅವರು ಕುಳಿತರೆ ಇನ್ನೊಂದರಲ್ಲಿ ಊರಿನವರು ತುಂಬುತ್ತಿದ್ದ ನಾಣ್ಯ ಆಶ್ರಮದ ದಾಸೋಹಕ್ಕೆ ಅಕ್ಕಿ ಜೋಳವಾಗುತ್ತಿತ್ತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಎಂ. ವೆಂಕಟೇಶ್ ಕುಮಾರ್ ಮುಂತಾದವರು ಇಲ್ಲಿಂದ ಹೊರಟವರು. ಹೊರಡುವ ಸಾಧ್ಯತೆ ಇರುವುದರಿಂದಲೇ ಹೆಚ್ಚು ಜನ ಕಲಿಯಲು ಬರುತ್ತಾರೆ, ಕಲಿತವರೆಲ್ಲರೂ ಹೊರಡುವುದಿಲ್ಲವಾದ್ದರಿಂದ ಊರಿನಲ್ಲಿ ಒಟ್ಟು ಕಲಿಕೆ ಹೆಚ್ಚುತ್ತದೆ ಎಂಬ ವಾದವೊಂದು ವಲಸೆಯ ಅರ್ಥಶಾಸ್ತ್ರದಲ್ಲಿದೆ. ಪುಣ್ಯಾಶ್ರಮ ಅದಕ್ಕೆ ಸಾಕ್ಷಿಯಂತಿದೆ, ಏಕೆಂದರೆ ದೊಡ್ಡ ವೇದಿಕೆಗೆ ಹೋದ ಒಬ್ಬೊಬ್ಬರ ಹಿಂದೆಯೂ ಶಾಲೆ, ಮಠ, ಭಜನಾಸಂಘಗಳಲ್ಲಿ ಉಳಿದ ಹತ್ತಾರು ಮಂದಿ ಇದ್ದರು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯೂ ಇದರ ಜೊತೆಗೆ ಸೇರಬೇಕು. ತಿಂಗಳ ಸಂಬಳವೋ ಕಾರ್ಯಕ್ರಮದ ಸಂಭಾವನೆಯೋ ಸಿಗತೊಡಗಿದ ಮೇಲೆ ಮುಂಬಯಿ ಪುಣೆಗಳ ಸೆಳೆತ ಅಷ್ಟರಮಟ್ಟಿಗೆ ಸಡಿಲಾಯಿತು.

ಉದ್ಯಮದಲ್ಲೂ ಇದೇ ಚಲನೆ ಉಂಟು. ಮುದ್ರಣ, ಪುಸ್ತಕ ವ್ಯಾಪಾರಗಳ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಲಾರಿಯೊಡನೆ ಗದಗಿನಲ್ಲಿ ಆರಂಭಿಸಿದ ಸಾರಿಗೆ ವ್ಯವಹಾರ ಬೆಳೆಯುವುದಕ್ಕೆ ಹುಬ್ಬಳ್ಳಿಗೆ ಹೋಗಬೇಕಾಯಿತು. ಇತ್ತೀಚಿನ ದಶಕಗಳಲ್ಲಿ 1997ರ ಜಿಲ್ಲಾ ರಚನೆ, ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, 2015ರ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಂದ ಕಲಿಕೆ ಹತ್ತಿರವಾಗಿದೆ. ಕಲಿತ ಎಂಜಿನಿಯರನ ಕೆಲಸ ಮಾತ್ರ ಇನ್ನೂ ಬೆಂಗಳೂರಿನಲ್ಲಿದೆ, ಅಲ್ಲಿಂದ ಮುಂದೆ ಕಡಲಾಚೆ.

ಮತ್ತೆ ಒಳಕ್ಕೆ ಬಂದ ಹಣದ ಕಡೆಗೆ ನೋಡಿದರೆ, ಸ್ವಾತಂತ್ರ್ಯಾನಂತರದ ವಿದೇಶಿ ನೆರವು ಹೆಚ್ಚಾಗಿ ಸಾಲದ ರೂಪದ್ದು, ಅಂದರೆ ಕಡಿಮೆ ಬಡ್ಡಿಗೆ ದೀರ್ಘ ಅವಧಿಗೆ ಕೊಟ್ಟು ಹಿಂದೆ ಪಡೆಯುವಂಥದು. ವಿಶ್ವಬ್ಯಾಂಕಿನ ಸಾಲದಿಂದ ಈ ಶತಮಾನದ ಆರಂಭದಲ್ಲಿ ಉತ್ತರದ ಜಿಲ್ಲೆಗಳಲ್ಲಿ ನಡೆದ ‘ಜಲನಿರ್ಮಲ’ ಕುಡಿಯುವ ನೀರಿನ ಯೋಜನೆಯಲ್ಲಿ ಗದಗ ಜಿಲ್ಲೆಯೂ ಇತ್ತು. ಏಷ್ಯನ್ ಅಭಿವೃದ್ಧಿ ಬ್ಯಾಂಕು 2006ರಲ್ಲಿ ಒಪ್ಪಿದ ಉತ್ತರ ಕರ್ನಾಟಕ ನಗರ ಯೋಜನೆಯಲ್ಲಿ ಗದಗ-ಬೆಟಗೇರಿ ಸೇರಿತ್ತು. ಹಳ್ಳಿಯವರು ಕುಡಿಯುವ ನೀರಿನ ಸಮಿತಿ ರಚಿಸಿ ವೆಚ್ಚದ ಒಂದು ಪಾಲನ್ನು ತಾವೇ ಭರಿಸಬೇಕೆಂದು ಜಲನಿರ್ಮಲದಲ್ಲಿ ಹಾಕಿದ್ದ ಷರತ್ತು, ನೂರು ವರ್ಷಗಳ ಹಿಂದೆ ಕಣಗಿನಹಾಳದವರು ಹೇಳಿಸಿಕೊಳ್ಳದೆ ಮಾಡಿದ್ದನ್ನು ವಾಷಿಂಗ್ಟನ್ನಿನಿಂದ ಹೇಳಿಸಿಕೊಂಡು ಮಾಡಬೇಕಾಗಿ ಬಂದ ವಿಚಿತ್ರ ತಿರುವು. ಬೇಡದ ಹಣಕ್ಕೆ ಬೇಡವೆನ್ನುವುದೂ ಇಲ್ಲಿ ನಡೆದಿದೆ: ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ದಕ್ಷಿಣ ಕೊರಿಯದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆ ಜಮೀನು ಕೇಳಿದಾಗ, 2011ರಲ್ಲಿ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ರೈತರು ವಿರೋಧಿಸಿದರು ಮತ್ತು ಯೋಜನೆಯನ್ನು ಕೈಬಿಡಲಾಯಿತು.

ಇಷ್ಟೆಲ್ಲದರ ನಡುವೆ ಈ ಸೀಮೆಯ ರವಾನೆ ಹಣ ದುಬೈಯಿಂದಲೋ ಅಮೆರಿಕದಿಂದಲೋ ಅಷ್ಟೇ ಅಲ್ಲ, ಗೋವೆಯಿಂದಲೂ ಬರುತ್ತದೆ. 1961ರ ಡಿಸೆಂಬರ್‌ವರೆಗೂ ಗೋವೆ ಪರದೇಶವೇ ಆಗಿತ್ತು. ವಿಮೋಚನೆಯ ಬಳಿಕ ಬಂದರು, ಅದಿರು ಗಣಿ, ಕಟ್ಟಡ, ಪ್ರವಾಸೋದ್ಯಮಗಳು ಬೆಳೆದಾಗ ಅಲ್ಲಿನ ಕಲಿತ ಯುವಕರು ಪೋರ್ಚುಗಲ್, ಕೊಲ್ಲಿ ದೇಶಗಳ ಕಡೆ ಹೋದರು, ಅವರು ಬಿಟ್ಟ ಮೈದುಡಿಮೆಯನ್ನು ಘಟ್ಟದ ಮೇಲಿನವರು ತುಂಬಿದರು. ಮುಂಡರಗಿ, ಶಿರಹಟ್ಟಿ, ಗದಗ ತಾಲೂಕುಗಳಲ್ಲಿ, ವಿಶೇಷವಾಗಿ ಕಪ್ಪತಗುಡ್ಡದ ಸೆರಗಿನ ಲಂಬಾಣಿ ತಾಂಡಾಗಳಲ್ಲಿ, ಮುಂಗಾರು ಕೈಕೊಟ್ಟ ವರ್ಷ ‘ಗುಳೆ’ ಹೋಗುವುದು ಪಂಚಾಂಗದಷ್ಟೇ ಖಚಿತ. ಮೇಸ್ತ್ರಿ ದೀಪಾವಳಿಯ ಹೊತ್ತಿಗೆ ಮುಂಗಡ ಕೊಡುತ್ತಾನೆ, ಗಂಡ ಹೆಂಡತಿ ಮಕ್ಕಳು ಪಾತ್ರೆ, ಹಾಸಿಗೆ, ಜೋಳದ ಹಿಟ್ಟಿನ ಚೀಲ ಕಟ್ಟಿಕೊಂಡು ವಾಸ್ಕೋ, ಮಡಗಾಂವಗಳಿಗೋ, ಮಂಗಳೂರಿಗೋ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೋ ಹೋಗುತ್ತಾರೆ, ಮನೆಯಲ್ಲಿ ಮುದುಕರು ಉಳಿಯುತ್ತಾರೆ; ಮಳೆಗಾಲದ ಮುಂಚೆ ಬಿತ್ತನೆಗೆ ಹಿಂದಿರುಗುತ್ತಾರೆ. ಮೊದಲು ಮನಿಯಾರ್ಡರಿನಲ್ಲಿ, ಊರಿಗೆ ಹೊರಟವರ ಕೈಯಲ್ಲಿ ಬರುತ್ತಿದ್ದ ಹಣ ಈಗ ಮೊಬೈಲಿನಲ್ಲಿ ಬರುತ್ತದೆ.

ಆ ಹಣ ಮೊದಲು ಮುಂಗಡದಲ್ಲಿ ಮುರಿದುಹೋಗಿ, ಉಳಿದದ್ದು ಕೈಗಡಕ್ಕೆ, ಆಸ್ಪತ್ರೆಗೆ, ಮದುವೆಗೆ, ಮಣ್ಣಿನ ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಮನೆಗೆ ಸಲ್ಲುತ್ತದೆ. ಇಂತಹ ಖರ್ಚನ್ನು ‘ಅನುತ್ಪಾದಕ’ವೆಂದು ಹಳಿಯುವುದು ಪುಸ್ತಕದ ವಾಡಿಕೆಯಾದರೂ ಅದು ಅಷ್ಟು ನ್ಯಾಯವಲ್ಲ, ಬರದ ವರ್ಷ ಎತ್ತು ಮಾರದೆ, ಹೊಲ ಬರೆದುಕೊಡದೆ ದಾಟುವುದೇ ಈ ಮನೆಗಳಿಗೆ ಹೂಡಿಕೆ. ಆದರೆ ಕಲಿಕೆಯ ನಷ್ಟ ನಿಜವಾದದ್ದು: ನಡುವಿನ ಆರು ತಿಂಗಳು ಶಾಲೆ ಬಿಟ್ಟ ಮಗು ಪರೀಕ್ಷೆಯ ಹೊತ್ತಿಗೆ ಕೊಂಕಣಿಯನ್ನೋ ತುಳುವನ್ನೋ ಕಲಿತಿರುತ್ತದೆ, ಗಣಿತವನ್ನಲ್ಲ. 2012ರಲ್ಲಿ ಗೋವೆಯ ಗಣಿಗಾರಿಕೆ ನಿಂತಾಗಲೂ 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಒಮ್ಮೆಗೇ ಹಿಂದಿರುಗಿದಾಗಲೂ, ಹೊರಗಿನ ಗಳಿಕೆಯೊಂದನ್ನೇ ನೆಚ್ಚಿಕೊಂಡ ಮನೆಗಳ ದುಗುಡ 1865ರ ಹತ್ತಿ ಬೆಲೆಯ ಕುಸಿತದಷ್ಟೇ ಹಠಾತ್ತಾಗಿ ಬಂತು.

ಗೋವೆಯ ಕಡಲತಡಿಯಲ್ಲಿ ಕನ್ನಡಿ ಕಸೂತಿಯ ಚೀಲ, ಮಣಿಸರಗಳನ್ನು ಹೆಗಲಿಗೆ ಹಾಕಿಕೊಂಡು ಪ್ರವಾಸಿಗರಿಗೆ ಮಾರುವ ಲಂಬಾಣಿ ಹೆಂಗಸರದು ಇದರ ಇನ್ನೊಂದು ಮುಖ. ಸಂಡೂರಿನಲ್ಲಿ ಇದೇ ಕಸೂತಿಗೆ ಕುಶಲಕಲಾ ಕೇಂದ್ರವೊಂದು ಪೇಟೆ ಸಿಗುವಂತೆ ಮಾಡಿ, ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತು, ಹೆಂಗಸರು ತಾಂಡಾದಲ್ಲೇ ಕುಳಿತು ಹೊಲಿದದ್ದು ದೇಶಾಂತರ ಹೋಗುತ್ತದೆ. ಗದಗ ಸೀಮೆಯ ಹೆಂಗಸರು ತಾವೇ ದೇಶಾಂತರ ಹೋಗಿ, ಹೆಚ್ಚಾಗಿ ಬೇರೆಯವರು ತಯಾರಿಸಿದ ಸರಕನ್ನು ಮಾರುತ್ತಾರೆ. ಅವರ ಗಳಿಕೆಗೆ ಊರಿನಲ್ಲಿ ಇಳಿದಾಣವಿಲ್ಲದಿರುವುದಕ್ಕೆ ಕಾರಣ ಕಣಗಿನಹಾಳದ ಮಾದರಿಯೊಳಗೇ ಇದೆ. ಪತ್ತಿನ ಸಂಘ ಬೆಳೆಸಾಲ ಕೊಡುವುದು ಹೊಲದ ಉತಾರದ, ಅಂದರೆ ಹಕ್ಕಿನ ದಾಖಲೆಯ, ಮೇಲೆ. ಉತಾರದಲ್ಲಿರುವುದು ಹೆಚ್ಚಾಗಿ ಹೊಲವುಳ್ಳ ಗಂಡಸಿನ ಹೆಸರು. ತಾಂಡಾದ ಎಷ್ಟೋ ಮನೆಗಳಿಗೆ ಹೊಲವೇ ಇಲ್ಲ, ಇದ್ದ ಮಡ್ಡಿಗೆ ಹಕ್ಕುಪತ್ರವಿಲ್ಲ, ಮತ್ತು ದುಡಿದು ತರುವವರಲ್ಲಿ ಅರ್ಧ ಹೆಂಗಸರು. 2000ದಿಂದ ಹರಡಿದ ಸ್ತ್ರೀಶಕ್ತಿ ಸಂಘಗಳು ವಾರದ ಉಳಿತಾಯದಿಂದ ಈ ಕೊರತೆಯನ್ನು ಅಷ್ಟಿಷ್ಟು ತುಂಬಿವೆಯಾದರೂ, ವಾರವಾರದ ಸಭೆಗೆ ಬರಬೇಕೆಂಬ ನಿಯಮ ವರ್ಷದಲ್ಲಿ ಆರು ತಿಂಗಳು ಗೋವೆಯಲ್ಲಿರುವ ಸದಸ್ಯೆಗೆ ಹೊಂದುವುದಿಲ್ಲ. ಆಕೆಯ ಉಳಿತಾಯ ಈಗಲೂ ಮೇಸ್ತ್ರಿಯ ಲೆಕ್ಕದ ಪುಸ್ತಕದಲ್ಲೇ ಮುಂದಿನ ವರ್ಷದ ಮುಂಗಡಕ್ಕೆ ವಜಾ ಆಗುತ್ತ ಸಾಗುತ್ತದೆ.